ರಾಣಿಯ ಕುರ್ಚಿ ನೆಕ್ಕಿದರೆ ಸಿಹಿ

ಫ್ರಾನ್ಸಿನ ವರ್ಸೈ ಅರಮನೆಗೆ, ಶ್ರೀಮಂತರಿಗೆ ಹೊಸ ಕುರ್ಚಿಯನ್ನೇ ರಾಜರ ಕಾಲದ್ದೆಂದು ಮಾರಿದ ನಕಲಿ ಕುರ್ಚಿ ಕೇಸಿನ ತೀರ್ಪು 2025ರ ಜೂನ್‌ನಲ್ಲಿ ಬಂತಲ್ಲ, ಅದಾದ ಮೇಲೂ ಮನೆ ಅಲಂಕಾರದ ಮ್ಯಾಗಜೀನುಗಳ ಧಾಟಿ ಒಂಚೂರೂ ಬದಲಾಗಿಲ್ಲ. ಅದೇ ಪ್ಯಾರಿಸ್ಸಿನ ಎತ್ತರದ ಚಾವಣಿಯ ಫ್ಲಾಟು, ಅದೇ ಅಮೃತಶಿಲೆಯ ಅಗ್ಗಿಷ್ಟಿಕೆ, ಅದರ ಮೇಲೆ ರಸ ಬಿಟ್ಟು ಮುಖವೇ ಕಾಣದ ಗಿಲೀಟಿನ ಕನ್ನಡಿ, ಗೋಡೆಯಲ್ಲಿ ಯಾರದೋ ಮುತ್ತಜ್ಜನ ತೈಲಚಿತ್ರ, ಮೇಜಿನ ಮೇಲೆ ಬಟ್ಟಲಲ್ಲಿ ನಿಂಬೆಹಣ್ಣು. ಆ ನಿಂಬೆಹಣ್ಣನ್ನು ಯಾರೂ ಹಿಂಡುವುದಿಲ್ಲ. ಆ ಮನೆಯಲ್ಲಿ ಯಾರೂ ಉಂಡ ಹಾಗೂ ಕಾಣುವುದಿಲ್ಲ.

ಮನೆಯೊಡತಿಯರ ಮಾತೂ ಒಂದೇ. ಪ್ಲಾನ್ ಗೀನ್ ಏನೂ ಇಲ್ಲ, ಕಾಲಕಾಲಕ್ಕೆ ತಾನಾಗಿ ಸೇರಿಕೊಂಡಿತಂತೆ. ತಾನಾಗಿ ಸೇರಿಕೊಳ್ಳುವುದು ನಮ್ಮ ಮನೆಗಳಲ್ಲೂ ಉಂಟು ತಾಯಿ. ಕೆಟ್ಟ ಚಾರ್ಜರುಗಳು, ಗೃಹಪ್ರವೇಶದಲ್ಲಿ ಕೊಟ್ಟ ಸ್ಟೀಲ್ ಬಟ್ಟಲುಗಳು, ಒಂದು ಚೀಲದೊಳಗೆ ತುರುಕಿದ ನೂರು ಚೀಲ. ಫೋಟೋ ಹೊಡೆಯಲು ಒಬ್ಬನೂ ಬರಲಿಲ್ಲ.

ಇಂಥ ಮನೆಗಳ ಪ್ರಾಣ ಇರುವುದು ಕುರ್ಚಿಯಲ್ಲಿ. ಕುರ್ಚಿ ಹಳೆಯದಾಗಿರಬೇಕು, ಕೂತರೆ ಕಿರುಗುಟ್ಟಬೇಕು, ಸಾಧ್ಯವಾದರೆ ಕೂರಲೇಬಾರದು. ಅದು ನಿಜಕ್ಕೂ ಹಳೆಯದೇ ಎಂದು ಹೇಳಲು ತಜ್ಞರಿದ್ದಾರೆ. ಅಂಥವರಲ್ಲಿ ಬಿಲ್ ಪಾಲೊ ಸಾಹೇಬರು ಅಗ್ರಗಣ್ಯರು. ಹದಿನೆಂಟನೇ ಶತಮಾನದ ಫ್ರೆಂಚ್ ಕುರ್ಚಿ ಎಂದರೆ ಅವರು ಹೇಳಿದ್ದೇ ವೇದವಾಕ್ಯ. ಜೊತೆಗೆ ಬ್ರೂನೊ ದೆನೂ ಎಂಬ ಅಪ್ರತಿಮ ಮರಗೆತ್ತನೆಗಾರ, ವರ್ಸೈ ಅರಮನೆಯ ಪೀಠೋಪಕರಣಗಳನ್ನೇ ರಿಪೇರಿ ಮಾಡುತ್ತಿದ್ದಾತ. 2007-08ರ ಸುಮಾರಿಗೆ ಇಬ್ಬರಿಗೂ ಒಂದು ಚಪಲ ಹುಟ್ಟಿತು: ನಾವೇ ಒಂದು ಮಾಡೋಣ, ಯಾರಾದರೂ ಹಿಡಿಯುತ್ತಾರಾ ನೋಡೋಣ. ಯಾರೂ ಹಿಡಿಯಲಿಲ್ಲ. ಆಮೇಲೆ ಅದೇ ಕಸುಬಾಯಿತು. ಹಣವೊಂದನ್ನು ಬಿಟ್ಟು ಉಳಿದದ್ದೆಲ್ಲ ನಕಲಿ ಎಂದು ಪಾಲೊ ಕೋರ್ಟಿನಲ್ಲಿ ಹೇಳಿಕೊಂಡರು. ಇಷ್ಟು ಪ್ರಾಮಾಣಿಕವಾದ ಮಾತನ್ನು ಆಂಟಿಕ್ ವ್ಯಾಪಾರದಲ್ಲಿ ಇನ್ಯಾರ ಬಾಯಿಂದಲೂ ನಾನು ಕೇಳಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಫ್ರೆಂಚ್ ಸರ್ಕಾರ ಕಟ್ಟಿ, ಹಾರವನ್ನೂ ಹಾಕಿತು. ಮೇರಿ ಆಂಟ್ವಾನೆಟ್ ರಾಣಿಯ ಕಾಲದ್ದೆಂದು ಬಂದ ಜೋಡಿ ಕುರ್ಚಿಗಳನ್ನು 2013ರಲ್ಲಿ 'ರಾಷ್ಟ್ರೀಯ ನಿಧಿ' ಎಂದು ಘೋಷಿಸಿತು. ಕೊಳ್ಳಲು ಅರಮನೆಯ ಬಜೆಟ್ ಸಾಲಲಿಲ್ಲ, ಕತಾರಿನ ರಾಜಕುಮಾರನೊಬ್ಬ 20 ಲಕ್ಷ ಯೂರೋ ಕೊಟ್ಟು ಒಯ್ದ. ಬೇರೆ ಕುರ್ಚಿಗಳನ್ನು ಅರಮನೆಯೇ ಕೊಂಡಿತು, ಜನರ ತೆರಿಗೆ ದುಡ್ಡಿನಲ್ಲಿ.

ನನಗೆ ಈ ಕಥೆಯಲ್ಲಿ ಬಹಳ ಪ್ರಿಯವಾದವನು ಪಾಲೊ ಅವರ ಹಳೆಯ ಶಿಷ್ಯ, ಅವನೂ ಆಂಟಿಕ್ ವ್ಯಾಪಾರಿ. ಹೊಸ ಮರಕ್ಕೆ ಹಳೆಯ ಕಳೆ ಬರಿಸಲು ದೆನೂ ಜ್ಯೇಷ್ಠಮಧು ಕರಗಿಸಿ ಬಳಿಯುತ್ತಾನೆಂದು ಅವನಿಗೆ ಗೊತ್ತಿತ್ತು. ಕುರ್ಚಿಯ ಮೇಲೆ ಅನುಮಾನ ಬಂತು. ಲ್ಯಾಬಿಗೆ ಕಳಿಸಲಿಲ್ಲ, ನಾಲಿಗೆ ಚಾಚಿ ನೆಕ್ಕಿದ. ಸಿಹಿ! ನಮ್ಮಲ್ಲಿ ಕೆಮ್ಮು ಬಂದರೆ ಜ್ಯೇಷ್ಠಮಧುವಿನ ಕಡ್ಡಿಯನ್ನು ದವಡೆಯಲ್ಲಿಟ್ಟುಕೊಳ್ಳುತ್ತಾರೆ, ಅವರಲ್ಲಿ ಅದೇ ಬೇರಿಗೆ ಲಕ್ಷಾಂತರ ಯೂರೋ ಹುಟ್ಟುತ್ತದೆ. ಮುಂದೆ ಯಾರಾದರೂ ಶ್ರೀಮಂತ ಸ್ನೇಹಿತರು 'ಇದು ಹದಿನೈದನೇ ಲೂಯಿಯ ಕಾಲದ್ದು' ಎಂದು ತೋರಿಸಿದರೆ ಏನು ಮಾಡಬೇಕೆಂದು ಗೊತ್ತಾಯಿತಲ್ಲ? ಮೊದಲು ಧೂಳು ಒರೆಸಿಕೊಳ್ಳಿ.

ಶಿಕ್ಷೆ ಏನು ಅಂತೀರಾ? ಪಾಲೊಗೆ ನಾಲ್ಕು ವರ್ಷ, ಅದರಲ್ಲಿ 44 ತಿಂಗಳು ಅಮಾನತು. ಮಿಕ್ಕ ನಾಲ್ಕು ತಿಂಗಳನ್ನು ವಿಚಾರಣೆಗೆ ಮುಂಚೆಯೇ ಒಳಗಿದ್ದು ಮುಗಿಸಿಯಾಗಿತ್ತು. ಮೇಲೆ 2 ಲಕ್ಷ ಯೂರೋ ದಂಡ. ಅದೇ ಮ್ಯಾಗಜೀನುಗಳು ಹೊಸ ಮೇಜಿಗೆ ಸರಪಳಿಯಲ್ಲಿ ಬಡಿದು, ಟೀ ಡಿಕಾಕ್ಷನ್ ಬಳಿದು ವಯಸ್ಸು ಬರಿಸುವ ವಿಧಾನವನ್ನು ವಾರಾಂತ್ಯದ ಹವ್ಯಾಸವೆಂದು ಅಚ್ಚು ಹಾಕುತ್ತವೆ. ಅಪರಾಧವೋ ಹವ್ಯಾಸವೋ ಎನ್ನುವುದು ಬಿಲ್ಲಿನಲ್ಲಿ ಬರೆದ ಮೊತ್ತದ ಮೇಲೆ ನಿಂತಿದೆ.

ಅಂದಹಾಗೆ ವರ್ಸೈಗೆ ಕುರ್ಚಿಯ ಬರ ಬಂದದ್ದು ಯಾಕೆ? ಕ್ರಾಂತಿಯಾದ ಮೇಲೆ, 1793ರಿಂದ 94ರವರೆಗೆ, ಅರಮನೆಯ ಸಾಮಾನನ್ನು ಜನರ ಸರ್ಕಾರವೇ ಹರಾಜು ಹಾಕಿತು. 17,000ಕ್ಕೂ ಹೆಚ್ಚು ಲಾಟು, ಒಂದು ವರ್ಷದ ಹರಾಜು. ಅವತ್ತು ಮಾರಿದ್ದನ್ನು ಹುಡುಕಿ ಹುಡುಕಿ ವಾಪಸ್ ಕೊಳ್ಳುವುದೇ ಈಗ ಅರಮನೆಗೆ ಒಂದು ಕೆಲಸ. ಮಾರುವಾಗ ಗುಜರಿ, ಕೊಳ್ಳುವಾಗ ಪರಂಪರೆ.

ನಗುವುದಕ್ಕೆ ನಮಗೇನು ಯೋಗ್ಯತೆ ಇದೆ? ಚಂಡೀಗಢದ ಕಚೇರಿಗಳಿಗೆಂದು 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನೆರೆ ವಿನ್ಯಾಸ ಮಾಡಿದ ತೇಗದ ಕುರ್ಚಿಗಳು, ಬೆತ್ತದ ಹೆಣಿಗೆಯವು. ಬೆತ್ತ ಹರಿದ ಮೇಲೆ ತಾರಸಿಗಳಲ್ಲಿ ರಾಶಿ ಬಿದ್ದು ಮಳೆಯಲ್ಲಿ ನೆನೆದವು, ಸರ್ಕಾರಿ ಹರಾಜಿನಲ್ಲಿ ಚಿಲ್ಲರೆ ಕಾಸಿಗೆ ಹೋದವು. ಪ್ಯಾರಿಸ್ಸಿನ ವ್ಯಾಪಾರಿಗಳು ಬಂದು ಲೋಡುಗಟ್ಟಲೆ ಎತ್ತಿಕೊಂಡು ಹೋದರು. ಮಾರಕೂಡದೆಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿದ್ದು 2011ರಲ್ಲಿ, ಅವು ಯುರೋಪಿನ ಹರಾಜುಕಟ್ಟೆಯಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋಗತೊಡಗಿ ಎಷ್ಟೋ ಕಾಲವಾದ ಮೇಲೆ. ಈಗ ಆ ಫ್ಲಾಟುಗಳ ಫೋಟೋದಲ್ಲಿ, ಅಗ್ಗಿಷ್ಟಿಕೆಯ ಪಕ್ಕ, ನೋಡಿ, ನಮ್ಮ ಹೆಡ್ ಕ್ಲರ್ಕ್ ಕೂತಿದ್ದ ಕುರ್ಚಿ! ಇಲಾಖೆಯ ಗುಮಾಸ್ತ ಕಾಲಿಗೋ ಬೆನ್ನಿಗೋ ಬಿಳಿ ಪೇಂಟಿನಲ್ಲಿ ಬರೆದ ದಾಸ್ತಾನು ನಂಬರನ್ನು ಅಳಿಸುವುದೂ ಇಲ್ಲ. ಅಸಲಿ ಎನ್ನುವುದಕ್ಕೆ ಅದೇ ಸಾಕ್ಷಿ, ಅದಿದ್ದರೆ ರೇಟು ಜಾಸ್ತಿ.

ಇದನ್ನು ತಮಾಷೆ ಮಾಡಿ ಮಾಡಿ ನನಗೂ ಬೇಜಾರಾಗಿದೆ. ಆ ಕುರ್ಚಿ ಕೆತ್ತಿದವರು ಇಲ್ಲಿಯ ಬಡಗಿಗಳು, ಹೆಣೆದವರು ಇಲ್ಲಿಯವರು, ದುಡ್ಡು ನಮ್ಮದು. ಹರಿದ ಬೆತ್ತ ಮತ್ತೆ ಹೆಣೆಸಲು ಎಷ್ಟು ಖರ್ಚಾಗುತ್ತಿತ್ತು? ಆ ಫೈಲಿಗೆ ಸಹಿ ಹಾಕಲು ಒಬ್ಬ ಅಧಿಕಾರಿಗೂ ಪುರುಸೊತ್ತು ಸಿಗಲಿಲ್ಲ. ವಿಲೇವಾರಿ ಫೈಲಿಗೆ ಮಾತ್ರ ಎಲ್ಲರ ಸಹಿಯೂ ಸಿಕ್ಕಿತು.