ಬಳೇಪೇಟೆ ಗಲ್ಲೀಲಿ ಒಂದು ಫ್ರಿಜ್ಜು

ಬೆಂಗಳೂರಲ್ಲಿ ಜನ ಜಾಸ್ತಿ ಆಗೋದ್ರು ಅಂತ ಗೊಣಗೋ ಪ್ರತಿಯೊಬ್ರ ಹತ್ರಾನೂ ಒಂದು ಇಸವಿ ಇರುತ್ತೆ. ಅದಕ್ಕೆ ಮುಂಚೆ ಬಂದೋರೆಲ್ಲ ಊರೋರು, ಅದಾದ್ಮೇಲೆ ಬಂದೋರೆಲ್ಲ ಜಾಸ್ತಿ ಆದೋರು. ಆ ಇಸವಿ ಯಾವ್ದು ಅಂತ ಸ್ವಲ್ಪ ಕೆದಕಿ ನೋಡಿದ್ರೆ ಅವರಪ್ಪನೋ ತಾತನೋ ಸಿಟಿ ಸ್ಟೇಷನ್ನಲ್ಲಿ ಟ್ರಂಕ್ ಇಳಿಸಿದ ವರ್ಷಕ್ಕೆ ಒಂದು ಕೂಡಿಸಿರ್ತಾರೆ ಅಷ್ಟೇ. ನಮ್ಮ ಮಾವನೋರ ಇಸವಿ 1951, ಯಾಕಂದ್ರೆ ಅವರಪ್ಪ ತಿಪಟೂರಿಂದ ರೈಲು ಹತ್ತಿ ಬಂದಿದ್ದು 1950ರಲ್ಲಿ. ನಾನು ಸೊಸೆ, ಸುಮ್ನಿರ್ಬೇಕು, ಆದ್ರೂ ಒಂದ್ಸಲ ತಡೀಲಾರ್ದೆ ಹೇಳ್ಬಿಟ್ಟೆ, ಮಾವ, 1941ರಲ್ಲಿ ಈ ಊರಲ್ಲಿ ನಾಲ್ಕು ಲಕ್ಷ ಜನ ಇದ್ದಿದ್ದು, 1951ರಷ್ಟೊತ್ತಿಗೆ ಹತ್ತತ್ರ ಎಂಟು ಲಕ್ಷ, ಅಂದ್ರೆ ಊರನ್ನ ಡಬಲ್ ಮಾಡಿದ ಪಾರ್ಟೀಲಿ ನಿಮ್ಮಪ್ಪನೋರೂ ಇದ್ರು ಅಂತ. ಅದಕ್ಕೆ ಮಾವ ಪೇಪರ್ ಕೆಳಗಿಳಿಸಿ, "ನಾವ್ ಬಂದಿದ್ದು ಒಂದೇ ಸಂಸಾರ ಕಣಮ್ಮ" ಅಂದ್ರು. ಎಲ್ರೂ ಒಂದೇ ಸಂಸಾರ ಬಂದಿದ್ದು, ಅಲ್ಲೇ ಇರೋದು ತೊಂದ್ರೆ.

ನಿಜ ಹೇಳ್ಬೇಕು ಅಂದ್ರೆ ಬೈಯೋದಿದ್ರೆ ಕೆಂಪೇಗೌಡರನ್ನೇ ಬೈಬೇಕು. 1537ರಲ್ಲಿ ದೊಡ್ಡಪೇಟೆ ಚಿಕ್ಕಪೇಟೆ ಸೇರೋ ಚೌಕದಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ಗೆರೆ ಹೊಡೆಸಿ, ಬನ್ರಪ್ಪ ಬನ್ರಿ ಅಂತ ಕಸುಬುದಾರರನ್ನೆಲ್ಲ ಕರೆದು ಕೂರಿಸಿದ್ದು ಅವರು. ಗಾಣಿಗರಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ, ಅರಳೆಪೇಟೆ, ತಿಗಳರಪೇಟೆ, ನಗರ್ತಪೇಟೆ, ನಮ್ಮ ಬಳೇಪೇಟೆ. ಅವತ್ತು ಗಾಣಿಗರು ಬಂದು ಸೇರ್ಕೊಂಡಾಗ ಕುಂಬಾರರು "ಹಾಳಾಗೋಯ್ತು ಊರು, ಎಲ್ಲಿ ನೋಡಿದ್ರೂ ಎಣ್ಣೆ" ಅಂದಿರ್ತಾರೆ, ನಂಗೇನೋ ಡೌಟಿಲ್ಲ.

ನಾವಿರೋದು ಬಳೇಪೇಟೆ ಹಿಂದಿನ ಒಂದು ಗಲ್ಲೀಲಿ. ಹಿಂದೆ ಇದು ವಠಾರ ಆಗಿತ್ತಂತೆ, ಸಾಲಾಗಿ ಮನೆಗಳು, ಮಧ್ಯ ಒಂದು ನಲ್ಲಿ, ಆ ನಲ್ಲಿ ಮುಂದೆ ಬಿಂದಿಗೆ ಸಾಲು, ಆ ಸಾಲಿನ ಮೇಲೆ ಜಗಳ. ಈಗ ಕೆಳಗಡೆ ಬಳೆ ಅಂಗಡಿ, ಅದರ ಮೇಲೆ ಸೀರೆ ಫಾಲ್ಸು, ಲೈನಿಂಗ್ ಬಟ್ಟೆ ತುಂಬಿರೋ ಗೋಡೌನು, ಅದರ ಮೇಲೆ ನಾವು. ಎದುರುಗಡೆ ಮನೆಯೋರು ಬಾಡಿಗೆ ಚೆನ್ನಾಗಿ ಬರುತ್ತೆ ಅಂತ ಅಂಗಡಿಗೆ ಕೊಟ್ಟು ಬನಶಂಕರಿಗೆ ಹೋದ್ರು, ಪಕ್ಕದೋರು ಅಲ್ಲಿಂದಾಚೆ ಕನಕಪುರ ರೋಡಿಗೆ ಹೋದ್ರು. ಹೀಗೆ ನೋಡಿದ್ರೆ ನಮ್ಮ ಗಲ್ಲೀಲಿ ಜನಸಂಖ್ಯೆ ಬೆಳೀತಾ ಇಲ್ಲ, ಕರಗ್ತಾ ಇದೆ! ರಾತ್ರಿ ಹತ್ತು ಗಂಟೆ ಮೇಲೆ ಇಲ್ಲಿ ಉಸಿರಾಡೋದು ನಾವು, ಒಬ್ಬ ವಾಚ್‌ಮ್ಯಾನು, ಅಂಗಡಿ ಅಟ್ಟದ ಮೇಲೆ ಮಲಗೋ ರಾಜಸ್ಥಾನದ ಹುಡುಗ್ರು, ಆಮೇಲೆ ನಾಯಿಗಳು. ಆದ್ರೆ ಬೆಳಗ್ಗೆ ಹತ್ತೂವರೆಗೆ ಕೆಳಗಿಳಿದು ಕೊತ್ತಂಬರಿ ಸೊಪ್ಪು ತರೋಣ ಅಂದ್ರೆ ಮೆಟ್ಟಲ ಮೇಲೆ ನಿಂತು ಜನದ ಮಧ್ಯ ಒಂದು ಗ್ಯಾಪ್ ಬರೋವರ್ಗೂ ಕಾಯ್ಬೇಕು, ಬಂದ ತಕ್ಷಣ ನುಗ್ಬೇಕು, ನುಗ್ಗಿದ ಮೇಲೆ ನಾವು ಹೋಗೋ ಕಡೆ ಹೋಗಲ್ಲ, ಜನ ಹೋಗೋ ಕಡೆ ಹೋಗ್ತೀವಿ. ಸೊಪ್ಪಿಗೆ ಅಂತ ಹೋದೋಳು ನೈಟಿ ತಗೊಂಡು ಬಂದಿದ್ದೀನಿ.

ಸ್ಕೂಟರ್ ಕಥೆ ಕೇಳಿ. ನಮ್ಮನೆಯೋರು ಅದನ್ನ ರಾತ್ರಿ ಮೆಟ್ಟಲ ಪಕ್ಕ ಗೋಡೆಗೆ ಒತ್ತಿ ನಿಲ್ಲಿಸ್ತಾರೆ. ಒಂದಿನ ಬೆಳಗ್ಗೆ ಲೇಟಾಗಿ ಇಳಿದು ನೋಡಿದ್ರೆ ಸ್ಕೂಟರೇ ಇಲ್ಲ, ಅದಿದ್ದ ಜಾಗದಲ್ಲಿ ಕರ್ಚೀಫ್ ಅಂಗಡಿ. ಗಾಬರಿಯಾಗಿ ಕಿರುಚೋಷ್ಟರಲ್ಲಿ ಗೊತ್ತಾಯ್ತು, ಸ್ಕೂಟರ್ ಅಲ್ಲೇ ಇದೆ, ಅಂಗಡಿ ಅದರ ಮೇಲಿದೆ. ಸೀಟ್ ಮೇಲೆ ಟವಲ್ಲು, ಹ್ಯಾಂಡಲ್‌ಗೆ ಬನಿಯನ್ನು, ಒಂದು ಮಿರರ್‌ಗೆ ಕರ್ಚೀಫ್ ಗೊಂಚಲು, ಇನ್ನೊಂದು ಮಿರರ್ ಗಿರಾಕಿಗಳು ಮುಖ ನೋಡ್ಕೊಳ್ಳೋಕೆ. ತೆಗಿಯಪ್ಪ ಅಂದ್ರೆ ಅವನು ಬೇಜಾರೇ ಇಲ್ದೆ, "ಐದೇ ನಿಮಿಷ ಸಾರ್, ಬೋಣಿ ಆಗ್ಲಿ" ಅಂದ. ಕೊನೆಗೆ ನಮ್ಮನೆಯೋರೇ ಎರಡು ಟವಲ್ ತಗೊಂಡು ಬೋಣಿ ಮಾಡಿ ಗಾಡಿ ಬಿಡಿಸ್ಕೊಂಡು ಆಫೀಸಿಗೆ ಹೋದ್ರು.

ಇದಕ್ಕಿಂತ ದೊಡ್ಡದು ಫ್ರಿಜ್ಜಿಂದು. ಹಳೇದು ಕೆಟ್ಟು, ಹೊಸದು ಬುಕ್ ಮಾಡಿ, ಡೆಲಿವರಿಯೋರಿಗೆ ಫೋನ್ ಮಾಡಿ ಕಾಲಿಗೆ ಬೀಳೋದೊಂದು ಬಾಕಿ ಅನ್ನೋ ಥರ ಕೇಳ್ಕೊಂಡೆ, ಅಣ್ಣ, ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ತನ್ನಿ ಅಂತ. ಆಯ್ತು ಮೇಡಂ ಅಂದೋರು ಬಂದಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಅದೂ ಶನಿವಾರ, ಅದೂ ಆಷಾಢ ಸೇಲ್ ಟೈಮಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ವ್ಯಾಪಾರ ಇಲ್ಲ ಅಂತ ಸೀರೆ ಅಂಗಡಿಯೋರು ಡಿಸ್ಕೌಂಟ್ ಬಿಡೋದು, ಡಿಸ್ಕೌಂಟ್ ಅಂತ ಇಡೀ ಊರು ಬಂದು ಬೀಳೋದು, ಈಗ ಶ್ರಾವಣದಲ್ಲೂ ಅಷ್ಟು ರಶ್ ಇರಲ್ಲ.

ಟಾಟಾ ಏಸ್ ಮೇನ್ ರೋಡಲ್ಲೇ ನಿಂತ್ತು. ರಟ್ಟಿನ ಡಬ್ಬ ಸಮೇತ ಗಲ್ಲಿ ಒಳಗೆ ಹೋಗಲ್ಲ ಅಂತ ಅಲ್ಲೇ ಬಿಚ್ಚಿದ್ರು. ಆ ರಟ್ಟು ನೆಲಕ್ಕೆ ಬೀಳೋದ್ರೊಳಗೆ ಯಾರೋ ಅದನ್ನ ಹಾಸಿ ಹೇರ್‌ಕ್ಲಿಪ್ ಹರಡಿ ಕೂತಿದ್ರು. ಇಬ್ಬರು ಹಮಾಲಿಗಳು ಬೆಲ್ಟ್ ಹಾಕಿ ಫ್ರಿಜ್ ಎತ್ಕೊಂಡು, "ಸೈಡ್ ಸೈಡ್" ಅಂತ ಅರ್ಧ ಗಲ್ಲಿ ಬಂದಿದಾರೆ, ಎದುರಿಂದ ಸೀರೆ ಗಂಟು ಒಟ್ಟಿರೋ ತಳ್ಳೋ ಗಾಡಿ. ಅದರ ಹಿಂದೆ ಒಂದು ಆಕ್ಟೀವಾ, ಅದರ ಹಿಂದೆ ಮಗು ಎತ್ಕೊಂಡಿರೋ ಸಂಸಾರ, ಅವರ ಹಿಂದೆ ಉಳಿದ ಕರ್ನಾಟಕ. ನೀವ್ ಹಿಂದಕ್ ಹೋಗಿ, ಇಲ್ಲ ನೀವ್ ಹೋಗಿ, ಎಲ್ ಹೋಗೋದ್ರಿ ಜಾಗ ತೋರ್ಸಿ. ಸುಸ್ತಾಗಿ ಹಮಾಲಿಗಳು ಫ್ರಿಜ್‌ನ ಗಲ್ಲಿ ಮಧ್ಯದಲ್ಲೇ ಇಳಿಸಿ, ಈಗ್ಲೇ ಬಂದ್ವಿ ಅಕ್ಕ ಅಂತ ಊಟಕ್ಕೆ ಹೋದ್ರು.

ನಾನು ಅದರ ಬಾಗಿಲು ಹಿಡ್ಕೊಂಡು ನಿಂತೆ. ಬೆಳ್ಳಿ ಬಣ್ಣದ ಡಬಲ್ ಡೋರು, ಸ್ಟಿಕ್ಕರ್ ಕೂಡ ಕಿತ್ತಿಲ್ಲ, ಪಕ್ಕ ಒಬ್ಬಳು ಹೆಂಗಸು. ಸೇಲ್ ಬೀದೀಲಿ ಇದು ಹೆಂಗ್ ಕಾಣ್ಬೇಕೋ ಹಂಗೇ ಕಾಣ್ತು. ಮೊದಲನೇ ಐದು ನಿಮಿಷದಲ್ಲೇ ಒಬ್ಬರು ಆಂಟಿ ಬಂದು, "ಇದು ಎಷ್ಟಕ್ಕೆ ಬಿಟ್ಟಿದೀರ?" ಅಂದ್ರು. ನಮ್ಮನೇದು ಆಂಟಿ ಅಂದೆ. "ಅದೇ, ಎಷ್ಟು?" ಇನ್ನೊಬ್ರು ಬಾಗಿಲು ತೆಗೆದು ತರಕಾರಿ ಟ್ರೇ ಎಳೆದು ನೋಡಿ, ಪ್ಲಾಸ್ಟಿಕ್ ತೆಳು ಅಂತ ತೀರ್ಪು ಕೊಟ್ಟು ಗಂಡನನ್ನ ಎಳ್ಕೊಂಡು ಹೋದ್ರು. ಟೀ ಹುಡುಗ ಫ್ಲಾಸ್ಕ್ ತಂದು ಫ್ರಿಜ್ ತಲೆ ಮೇಲಿಟ್ಟು ಪೇಪರ್ ಕಪ್ ಜೋಡಿಸ್ದ, ನಂಗೊಂದು ಟೀ ಫ್ರೀ ಕೊಟ್ಟ, ಜಾಗದ ಬಾಡಿಗೆ ಇರ್ಬೇಕು. ಯಾರೂ ಕೋಪ ಮಾಡ್ಕೊಳ್ಲಿಲ್ಲ, ಅದು ನಮ್ಮ ಪೇಟೆ ಗುಣ. ಎಲ್ರೂ ಹೊಟ್ಟೆ ಒಳಗೆಳ್ಕೊಂಡು ಫ್ರಿಜ್‌ನ ಸವರ್ಕೊಂಡು ದಾಟಿದ್ರು, ಗಂಟೆ ಒಳಗೆ ಒಂದು ಸೈಡ್ ಪಾಲಿಶ್ ಆಗೋಗಿತ್ತು.

ಕೊನೆಗೆ ಕೆಳಗಿನ ಬಳೆ ಅಂಗಡಿ ಹುಡುಗ ಬಂದು, "ಅಕ್ಕ, ಒಳಗೆ ತಳ್ಳಿ, ಗಾಡಿ ಪಾಸ್ ಆಗ್ಲಿ" ಅಂದ. ತಳ್ಳಿದ್ವಿ, ತಳ್ಳೋ ಗಾಡಿ ಪಾಸಾಯ್ತು, ಆಕ್ಟೀವಾ ಪಾಸಾಯ್ತು, ಫ್ರಿಜ್ ಮಾತ್ರ ವಾಪಸ್ ಆಚೆ ಬರೋಕಾಗ್ಲಿಲ್ಲ, ಯಾಕಂದ್ರೆ ಆ ಗ್ಯಾಪಲ್ಲಿ ಗಿರಾಕಿಗಳು ತುಂಬ್ಕೊಂಡ್ರು. ಸಾಯಂಕಾಲ ಇಣುಕಿ ನೋಡಿದ್ರೆ ನಮ್ಮ ಫ್ರಿಜ್ ಒಳಗೆ ಲೈಟ್ ಉರೀತಿದೆ, ಹತ್ತಿಪ್ಪತ್ತು ನೀರಿನ ಬಾಟ್ಲು. "ಓಡ್ತದಾ ಇಲ್ವಾ ಅಂತ ಟೆಸ್ಟ್ ಮಾಡ್ದೆ ಅಕ್ಕ, ಸೂಪರ್ ಕೂಲಿಂಗ್." ರಾತ್ರಿ ಒಂಬತ್ತೂವರೆಗೆ ಶಟರ್‌ಗಳೆಲ್ಲ ಇಳಿದ ಮೇಲೆ ಅದೇ ಗಲ್ಲೀಲಿ ಎರಡು ಫ್ರಿಜ್‌ನ ಅಕ್ಕಪಕ್ಕ ನಡೆಸ್ಕೊಂಡು ಬರ್ಬಹುದಿತ್ತು. ನಮ್ದು ಗಂಡನ ಮನೆಗೆ ಹೋಗೋ ಮದುಮಗಳ ಥರ ನಿಧಾನಕ್ಕೆ ಮೆಟ್ಟಲು ಹತ್ತಿ ಬಂತು.

ಮೆಟ್ರೋ ಬಂದ್ರೆ ರಶ್ ಕಡಿಮೆ ಆಗುತ್ತೆ ಅಂತ ಎಲ್ರೂ ಹೇಳಿದ್ರು, ನಾವೂ ನಂಬಿದ್ವಿ, ಧೂಳು ಕುಡ್ಕೊಂಡು ಕಾದ್ವಿ. 2017ರಲ್ಲಿ ಚಿಕ್ಕಪೇಟೆ ಸ್ಟೇಷನ್ ಶುರುವಾಯ್ತು. ಆಗಿದ್ದೇನಂದ್ರೆ, ಪೇಟೆಗೆ ಹೋದ್ರೆ ಪಾರ್ಕಿಂಗ್ ಸಿಗಲ್ಲ ಅಂತ ಇಷ್ಟು ವರ್ಷ ಮನೇಲಿ ಕೂತಿದ್ದೋರೆಲ್ಲ ಒಂದೇ ಸಲ ಎದ್ರು. ಗಾಡಿ ಕಡಿಮೆ ಆಗಿರ್ಬಹುದು, ಜನ ನೆಲದೊಳಗಿಂದ ಬರ್ತಾರೆ. ಈಗ ಆ ಹಸಿರು ಲೈನು ಒಂದು ಕಡೆ ಸಿಲ್ಕ್ ಇನ್‌ಸ್ಟಿಟ್ಯೂಟ್, ಇನ್ನೊಂದು ಕಡೆ ಮಾದಾವರ ಮುಟ್ಟಿದೆ. ಆಮೇಲೆ 2023ರಲ್ಲಿ ಹೆಣ್ಮಕ್ಕಳಿಗೆ ಬಸ್ ಫ್ರೀ ಆಯ್ತು, ಮಾಡಿದ್ದು ಒಳ್ಳೇದೇ, ನಾನೂ ಆಧಾರ್ ತೋರ್ಸಿ ಓಡಾಡ್ತೀನಿ, ಆದ್ರೆ ಅದು ಬಂದ್ಮೇಲೆ ನಮ್ಮನೆಗೆ ಏನಾಯ್ತು ಅಂತ ಹೇಳಿದ್ರೆ ಗೊತ್ತಾಗುತ್ತೆ.

ತಿಪಟೂರಲ್ಲಿ ನಮ್ಮ ಮಾವನ ದೊಡ್ಡಪ್ಪನ ಮಗಳು ಒಬ್ರಿದಾರೆ, ನಮಗೆಲ್ಲ ತಿಪಟೂರು ಅತ್ತೆ. ಮದುವೆ ಜವಳಿ ಅಂದ್ರೆ ಚಿಕ್ಕಪೇಟೆಯೇ ಆಗ್ಬೇಕು, ಚಿಕ್ಕಪೇಟೆ ಅಂದ್ರೆ ನಮ್ಮನೆಯೇ ಬೇಸ್ ಕ್ಯಾಂಪ್. ಮುಂಚೆ ಅತ್ತೆ ಮತ್ತೆ ಹುಡುಗಿ, ಇಬ್ರು ಬರೋರು. ಈಗ ಟಿಕೆಟ್ ಇಲ್ವಲ್ಲ, ಬಣ್ಣ ನೋಡೋಕೆ ಒಬ್ರು, ರೇಟ್ ಇಳಿಸೋಕೆ ಒಬ್ರು, ಬ್ಯಾಗ್ ಕಾಯೋಕೆ ಒಬ್ರು, ಸುಮ್ನೆ ಬಂದೋರು ಉಳಿದೋರು. 2025ರ ಅಕ್ಟೋಬರಲ್ಲಿ ಹಂಗೇ ಒಂದು ಬೆಟಾಲಿಯನ್ ಬಂದಿಳೀತು, ನೀರು ಬರದ ದಿನ ನೋಡ್ಕೊಂಡು. ಕಾವೇರಿ ನೀರು ಅಲ್ಲಿಂದ ನೂರು ಕಿಲೋಮೀಟರ್, ಅರ್ಧ ಕಿಲೋಮೀಟರ್ ಎತ್ತರ ಪಂಪಲ್ಲಿ ಹತ್ತಿ ಬೆಂಗಳೂರಿಗೆ ಬರುತ್ತೆ, ಬಂದು ನಮ್ಮ ಬಿಲ್ಡಿಂಗ್ ಕೆಳಗೆ ನಿಂತು ಇನ್ನು ಎರಡು ಮಹಡಿ ಹತ್ತೋಕಾಗಲ್ಲ ಅನ್ನುತ್ತೆ. ಹಿಂದೆ ಹತ್ರದಲ್ಲೇ ಧರ್ಮಾಂಬುಧಿ ಅಂತ ಕೆರೆನೇ ಇತ್ತು, ಅದರಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಕಟ್ಟಿದ್ವಿ, ಈಗ ಅಲ್ಲಿಂದ ನೀರಿನ ಬದಲು ನೆಂಟ್ರು ಬರ್ತಾರೆ. ಒಬ್ರಿಗೆ ಒಂದೇ ಬಕೆಟ್ ಅಂತ ಬಾತ್‌ರೂಮ್ ಬಾಗಿಲಲ್ಲಿ ಮಾವ ಚೇರ್ ಹಾಕ್ಕೊಂಡು ಕೂತ್ರು. "ಏನಣ್ಣಯ್ಯ, ಬೆಂಗಳೂರಲ್ಲಿ ಮುಖ ತೊಳೆಯೋಕೂ ರೇಷನ್ನಾ" ಅಂದ್ರು ಅತ್ತೆ. "ಜನ ಜಾಸ್ತಿ ಆಗೋದ್ರು ಕಣೇ" ಅಂದ್ರು ಮಾವ, ಸೀದಾ ಅವರ ಮುಖ ನೋಡ್ಕೊಂಡು.

ಅದೇ ಟೈಮಿಗೆ ಸರಿಯಾಗಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಅಂತ ಒಬ್ರು ಟೀಚರ್ ಬಂದ್ರು. ಪಾಪ, ಅರವತ್ತು ಪ್ರಶ್ನೆ, ಒಂದು ಮೊಬೈಲು, ಎರಡು ಮಹಡಿ. ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿ ರಾಶಿ ನೋಡೇ ಅವರ ಮುಖ ಬಾಡೋಯ್ತು. "ಮನೇಲಿ ಒಟ್ಟು ಎಷ್ಟು ಜನ?"

"ಹಗಲಾ, ರಾತ್ರೀನಾ ಮೇಡಂ?" ಅಂದೆ. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ್ದು. ಈ ಎಣಿಸೋರೆಲ್ಲ ನೀವು ಎಲ್ಲಿ ಮಲಗ್ತೀರ ಅಂತ ನೋಡ್ತಾರೆ, ಆ ಲೆಕ್ಕದಲ್ಲಿ ಪೇಟೆ ಖಾಲಿ. 1971ರಲ್ಲಿ ಹದಿನಾರೂವರೆ ಲಕ್ಷ ಇದ್ದ ಊರು 2011ಕ್ಕೆ ಎಂಬತ್ತನಾಲ್ಕು ಲಕ್ಷ ಆಯ್ತಲ್ಲ, ಅವರೆಲ್ಲ ಮಲಗೋದು ಯಲಹಂಕದಲ್ಲಿ, ಕೆಂಗೇರೀಲಿ, ವೈಟ್‌ಫೀಲ್ಡಲ್ಲಿ, ಆದ್ರೆ ಮನೇಲಿ ಒಂದು ಮದುವೆ ಅಂದ ತಕ್ಷಣ ಎಚ್ಚರ ಆಗೋದು ನಮ್ಮ ಗಲ್ಲೀಲಿ. ಇದನ್ನ ಬರ್ಕೊಳ್ಳೋಕೆ ಅವರ ಆ್ಯಪಲ್ಲಿ ಕಾಲಂ ಇರ್ಲಿಲ್ಲ.

ಅಷ್ಟರಲ್ಲಿ ಅತ್ತೆ ಮಧ್ಯ ಬಂದು, "ನಮ್ಮೆಲ್ಲರ ಹೆಸ್ರೂ ಬರ್ಕೊಳಮ್ಮ, ಹೆಂಗೂ ಬಂದಿದೀವಿ" ಅಂದ್ರು. ನಿಮ್ಮೂರಲ್ಲಿ ಬರ್ಸಿದೀರಲ್ವಾ ಅಂದ್ರು ಟೀಚರ್. "ಅಲ್ಲೂ ಇರ್ಲಿ, ಇಲ್ಲೂ ಇರ್ಲಿ, ಏನ್ ಕಳ್ಕೊಳ್ತೀಯ?" ಟೀಚರ್ ಫ್ಯಾನ್ ಕೆಳಗೆ ಕೂತು, ನೆಟ್‌ವರ್ಕ್ ಬರ್ಲಿ ಅಂತ ಕಾಯ್ತಾ, ಬ್ಯಾಗಿಂದ ಇಣುಕ್ತಿದ್ದ ಸೀರೆ ಅಂಚು ನೋಡಿದ್ರು. ಇದು ಎಲ್ಲಿ ತಗೊಂಡಿದ್ದು ಅಂದ್ರು. ಆಯ್ತು. ಒಂದೊಂದೇ ಸೀರೆ ನೆಲಕ್ಕೆ ಹರಡ್ಕೊಂಡು, ಅಂಗಡಿ ಹೆಸ್ರು, ಮೆಟ್ಟಲು ಎಲ್ಲಿ, ಯಾವ ಹುಡುಗನ್ನ ಕೇಳ್ಬೇಕು, ಎಷ್ಟಕ್ಕೆ ಶುರು ಮಾಡಿ ಎಷ್ಟಕ್ಕೆ ನಿಲ್ಲಿಸ್ಬೇಕು, ಅತ್ತೆ ಎಲ್ಲಾ ಹೇಳಿದ್ರು, ಟೀಚರ್ ಸಮೀಕ್ಷೆ ಪಕ್ಕಕ್ಕಿಟ್ಟು ಅದನ್ನೆಲ್ಲ ನೀಟಾಗಿ ಬರ್ಕೊಂಡ್ರು. ಅವರಿಗೂ ತಂಗಿ ಮದುವೆ ಅಂತೆ, ಮನೆ ಹೆಸರಘಟ್ಟ ಹತ್ರ ಅಂತೆ, ಭಾನುವಾರ ಅಮ್ಮ, ಅತ್ತಿಗೆ, ಚಿಕ್ಕಮ್ಮನ ಮಕ್ಕಳನ್ನೆಲ್ಲ ಕರ್ಕೊಂಡು ಬರ್ತೀನಿ ಅಂದ್ರು. ಬಂದ್ರೆ ಇಲ್ಲೇ ಬನ್ನಿ, ಬ್ಯಾಗೆಲ್ಲ ಇಟ್ಟು ಹೋಗ್ಬಹುದು ಅಂತ ಅತ್ತೆನೇ ಇನ್ವೈಟ್ ಮಾಡಿದ್ರು, ನಮ್ಮನೆಗೆ.

ಮಾವ ಬಾತ್‌ರೂಮ್ ಮುಂದಿನ ಚೇರಿಂದ ಏಳ್ಲೇ ಇಲ್ಲ. "ಭಾನುವಾರ ನೀರು ಬರೋ ದಿನಾನಾ ಕೇಳಮ್ಮ ಅವರನ್ನ" ಅಂದ್ರು.