ಹಬ್ಬಕ್ಕೆ 'ಒಂದು ಡೇಟ್ ಫಿಕ್ಸ್' ಮಾಡಬೇಕಂತೆ!

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆಯಿಂದ ಇದೇ ಗಲಾಟೆ. "ಹೋದ ವರ್ಷ ಗಣೇಶ ಆಗಸ್ಟ್ 27ಕ್ಕೆ ಬಂದ, ಈ ಸಲ ಸೆಪ್ಟೆಂಬರ್ 14 ಅಂತೆ. ಕ್ರಿಸ್‌ಮಸ್ ಥರ ಒಂದು ಡೇಟ್ ಫಿಕ್ಸ್ ಮಾಡೋಕೆ ಏನ್ರೀ ಕಷ್ಟ?" ಕೆಳಗೆ ಸಾಲುಸಾಲು ಹೆಬ್ಬೆಟ್ಟು. ನನಗಿರುವ ಪಂಚಾಂಗದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಬಾಯಿಬಿಟ್ಟರೆ ನೆರೆಹೊರೆ ಕೆಡುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಸ್ವಾಮಿ, ಗಣೇಶ ಮನಸ್ಸಿಗೆ ಬಂದ ಹಾಗೆ ಕುಣಿಯುತ್ತಿಲ್ಲ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ, ಸೌರವರ್ಷಕ್ಕೆ 365. ಹಾಗಾಗಿ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತೆ. ಸರಿದಿದ್ದನ್ನು ಸರಿಮಾಡೋಕೆ ಮೂರು ವರ್ಷಕ್ಕೆ ಹತ್ತಿರಹತ್ತಿರ ಒಂದು ಅಧಿಕ ಮಾಸ, ಅಂದರೆ ಒಂದು ಹೆಚ್ಚುವರಿ ತಿಂಗಳು. ಆ ವರ್ಷ ಹಬ್ಬ 18-19 ದಿನ ಮುಂದಕ್ಕೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆಗಸ್ಟ್ 27ಕ್ಕೆ 18 ಕೂಡಿಸಿ. ಸೆಪ್ಟೆಂಬರ್ 14 ಬಂತಾ? ಯಹೂದಿಗಳೂ ಇದನ್ನೇ ಮಾಡ್ತಾರೆ, 19 ವರ್ಷದಲ್ಲಿ ಏಳು ಸಲ ಅದಾರ್ ತಿಂಗಳನ್ನು ಎರಡೆರಡು ಮಾಡಿಕೊಳ್ತಾರೆ.

ಇಷ್ಟು ಹೇಳಿದರೆ ಇನ್ನೊಬ್ಬರು ಗೋಡೆ ಕ್ಯಾಲೆಂಡರಿನ ಫೋಟೋ ಹಾಕ್ತಾರೆ: "ಚೌತಿ 15ಕ್ಕಲ್ವಾ ಇರೋದು?" ಕ್ಯಾಲೆಂಡರ್ ತೋರಿಸೋದು ಸೂರ್ಯೋದಯದ ತಿಥಿ. 14ರ ಸೂರ್ಯೋದಯಕ್ಕೆ ಇರೋದು ತದಿಗೆ. ಬೆಳಗ್ಗೆ ಏಳು ದಾಟಿದ ಮೇಲೆ ಚೌತಿ ಶುರು. ಮರುದಿನ ಎಂಟಾಗುವ ಮೊದಲೇ ಮುಗಿದುಹೋಗುತ್ತೆ. ಗಣೇಶನಿಗೆ ಬೇಕಾದ್ದು ಮಧ್ಯಾಹ್ನದ ಚೌತಿ. ಹಗಲನ್ನು ಐದು ಭಾಗ ಮಾಡಿದರೆ ನಡುವಿನದು, ಬೆಂಗಳೂರಿನಲ್ಲಿ ಆ ಹೊತ್ತಿಗೆ ಸುಮಾರು ಹನ್ನೊಂದರಿಂದ ಒಂದೂವರೆ. ಆ ಹೊತ್ತಿನಲ್ಲಿ ಚೌತಿ ಸಿಗೋದು 14ಕ್ಕೆ ಮಾತ್ರ. ಗೌರಿಗೆ ಬೆಳಗಿನ ತದಿಗೆ ಸಾಕು, ಹಾಗಾಗಿ ಈ ವರ್ಷ ಅಮ್ಮ ಮಗ ಇಬ್ಬರೂ ಒಂದೇ ದಿನ. ಬಾಗಿನ ಕೊಡೋರು ಬೇಗ ಏಳಿ.

ಒಂದೊಂದು ಹಬ್ಬಕ್ಕೂ ಒಂದೊಂದು ಹೊತ್ತು. ಯುಗಾದಿಗೆ ಸೂರ್ಯೋದಯ, ರಾಮನವಮಿಗೆ ಮಧ್ಯಾಹ್ನ, ಲಕ್ಷ್ಮೀಪೂಜೆಗೆ ಪ್ರದೋಷ (ಸೂರ್ಯ ಮುಳುಗಿದ ಮೇಲಿನ ಹೊತ್ತು), ಶಿವರಾತ್ರಿಗೆ ನಡುರಾತ್ರಿ. ತಿಥಿಯೋ, ಚಂದ್ರನ ಓಟದ ಮೇಲೆ 19 ಗಂಟೆಯೂ ಇರಬಹುದು, 26 ಗಂಟೆಯೂ ಇರಬಹುದು. ಇದಕ್ಕೆ ಡೇಟ್ ಫಿಕ್ಸ್ ಮಾಡ್ತಾರಂತೆ!

ಫಿಕ್ಸ್ ಮಾಡಿದವರ ಕಥೆ ಕೇಳಿ. ಪ್ರಾಚೀನ ಈಜಿಪ್ಟಿನವರು ವರ್ಷಕ್ಕೆ 365 ದಿನ ಅಂತ ಬಿಗಿದುಬಿಟ್ಟರು, ಮಿಕ್ಕ ಕಾಲು ದಿನವನ್ನು ಕೈಬಿಟ್ಟರು. ಹಬ್ಬಗಳು ನಾಲ್ಕು ವರ್ಷಕ್ಕೊಂದು ದಿನ ಋತುವಿನಿಂದ ಜಾರಿದವು. ಚಳಿಗಾಲದ ಹಬ್ಬ ಬೇಸಿಗೆಗೆ ಬರದಿರಲಿ ಅಂತ ಕ್ರಿ.ಪೂ. 238ರಲ್ಲಿ ಕನೋಪಸ್‌ನಲ್ಲಿ ಸೇರಿದ ಅರ್ಚಕರು ನಾಲ್ಕು ವರ್ಷಕ್ಕೊಂದು ದಿನ ಸೇರಿಸಿ ಎಂದು ಶಾಸನವನ್ನೇ ಕೆತ್ತಿಸಿದರು. ಯಾರೂ ಕ್ಯಾರೇ ಅನ್ನಲಿಲ್ಲ. ನಮ್ಮ 'ಫಿಕ್ಸೆಡ್' ಸಂಕ್ರಾಂತಿಯೂ ಅಷ್ಟೆ. ವಿವೇಕಾನಂದರು ಹುಟ್ಟಿದ 1863ರಲ್ಲಿ ಅದು ಜನವರಿ 12ಕ್ಕಿತ್ತು, 2024ರಲ್ಲಿ 15ಕ್ಕೆ ಬಂತು. ನಕ್ಷತ್ರಗಳನ್ನು ಗುರುತಿಟ್ಟು ಅಳೆಯುವ ನಮ್ಮ ನಾಕ್ಷತ್ರಿಕ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ, ಜಾರದೆ ಏನು ಮಾಡುತ್ತೆ?

"ರಜೆ ಹಾಕಬೇಕಲ್ಲ, ಊರಿಗೆ ಬಸ್ ಬುಕ್ ಮಾಡಬೇಕಲ್ಲ?" ಒಪ್ಪೋಣ, ಪಾಪ. ಆದರೆ ಮುಂದಿನ ಹತ್ತು ವರ್ಷದ ಚೌತಿಯನ್ನು ಈಗಲೇ ಕೂತು ಲೆಕ್ಕ ಹಾಕಬಹುದು. 2027ರದ್ದು ಸೆಪ್ಟೆಂಬರ್ 4, ಶನಿವಾರ. ಅಯ್ಯೋ, ಒಂದು ರಜೆ ಹೋಯ್ತು ಅಂತೀರಾ? ಹಾಗಾದರೆ ನಿಮ್ಮ ತಕರಾರು ಪಂಚಾಂಗದ ಮೇಲಲ್ಲ ಬಿಡಿ.

ಬೇರೆ ಧರ್ಮದವರದ್ದೆಲ್ಲ ಫಿಕ್ಸ್ ಅನ್ನೋದೂ ಸುಳ್ಳು. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಈದ್, ಬೆಂಗಳೂರಿನಲ್ಲಿ 11ಕ್ಕೆ; ಕರಾವಳಿಯವರು ನೋಡೋದು ಕೇರಳದ ಚಂದ್ರನನ್ನು. ಅದೇ ವರ್ಷ ರೋಮಿನ ಈಸ್ಟರ್ ಮಾರ್ಚ್ 31, ಗ್ರೀಸಿನದು ಮೇ 5. ನಿಜ ಹೇಳ್ತೀನಿ, ನನಗೆ ಭಕ್ತಿ ಅಷ್ಟಕ್ಕಷ್ಟೆ, ಆಸೆ ಇರೋದು ಕರಿಗಡುಬಿನ ಮೇಲೆ. ಆದರೆ ಇಷ್ಟು ಜನ ಆಕಾಶ ನೋಡಿ ಹಾಕಿದ ಲೆಕ್ಕವನ್ನು 'ಗೊಂದಲ' ಅಂದರೆ ಮೈ ಉರಿಯುತ್ತೆ.

2024ರಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಯಾವತ್ತು ಅಂತ ಆದ ಜಗಳ ನೆನಪಿದೆಯಲ್ಲ? ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಹಿಡಿದು ನವೆಂಬರ್ 1ರ ಸಂಜೆ ಆರೂಕಾಲಿಗೆ ಬಿಟ್ಟಿತು. ಅವತ್ತು ಕೋಲ್ಕತ್ತಾದಲ್ಲಿ ಐದರ ಸುಮಾರಿಗೇ ಸೂರ್ಯ ಮುಳುಗಿದ್ದ, ಬೆಂಗಳೂರಿನಲ್ಲಿ ಮುಳುಗಿದ್ದು ಆರಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಪ್ರದೋಷದಲ್ಲಿ ಒಂದು ಗಂಟೆಗೂ ಮಿಕ್ಕಿ ಅಮಾವಾಸ್ಯೆ, ಇಲ್ಲಿ ಅರ್ಧ ಗಂಟೆಯೂ ಇಲ್ಲ. ಎರಡೂ ಸಂಜೆ ಸಿಕ್ಕರೆ ಎರಡನೆಯದು ಅನ್ನೋರು ಒಂದು ಪಕ್ಷ, ರಾತ್ರಿಯಿಡೀ ಅಮಾವಾಸ್ಯೆ ಇರೋ ದಿನವೇ ಸರಿ ಅನ್ನೋರು ಇನ್ನೊಂದು. ಇಬ್ಬರ ಕೈಯಲ್ಲೂ ಲೆಕ್ಕ ಇತ್ತು. ಫಾರ್ವರ್ಡ್ ಮಾಡಿದವರ ಕೈಯಲ್ಲಿ ಇರಲಿಲ್ಲ.

ಮೊಬೈಲಿನಲ್ಲಿ ಪಂಚಾಂಗ ನೋಡೋರು ಮೊದಲು ಸೆಟ್ಟಿಂಗ್ಸ್‌ನಲ್ಲಿ ಊರು ಯಾವುದಿದೆ ನೋಡಿ. ದೆಹಲಿ ಅಂತಿದ್ದರೆ, ಏಕಾದಶಿ ಉಪವಾಸ ಬಿಡೋಕೆ ಅದು ಕೊಡೋ ಹೊತ್ತೂ ದೆಹಲಿಯದ್ದೇ.