ಮಣಿಕಟ್ಟಿನಲ್ಲಿ ಕಂಡ ಕಾಡು

ಮೈಸೂರಿನ ನಮ್ಮ ಗೆಳೆಯರ ಬಳಗಕ್ಕೆ ಓಡಲು ಈಗ ಚಾಮುಂಡಿ ಬೆಟ್ಟ ಸಾಲದಾಗಿದೆ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾ ಏರುವ ಹೆಂಗಸರು ನಮಗಿಂತ ಮೊದಲೇ ನಂದಿಯನ್ನು ಮುಟ್ಟುತ್ತಿದ್ದರೆಂಬ ಸಂಗತಿಯನ್ನು ಯಾರೂ ಎತ್ತಲಿಲ್ಲ. ಅಲ್ಲಿ ವನ್ಯತೆಯ ಅನುಭವವಾಗುವುದಿಲ್ಲ ಎಂಬ ಕಾರಣವನ್ನೇ ಎಲ್ಲರೂ ಗಂಭೀರವಾಗಿ ಮುಂದಿಟ್ಟರು. ಆದ್ದರಿಂದ ಒಂದು ಭಾನುವಾರ, ನಿಸರ್ಗದ ಮಡಿಲಲ್ಲಿ ಹತ್ತು ಕಿಲೋಮೀಟರ್ ಓಡುವ ಸಲುವಾಗಿ, ನಾವು ಹನ್ನೆರಡು ಮಂದಿ ಐದು ಕಾರುಗಳಲ್ಲಿ ಸುಮಾರು 50 ಕಿಲೋಮೀಟರ್ ದೂರದ ಮೇಲುಕೋಟೆಗೆ ಹೊರಟೆವು.

ಮೇಲುಕೋಟೆಯ ಕಾಡನ್ನು 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದು ಮುಖ್ಯವಾಗಿ ತೋಳಕ್ಕಾಗಿ. ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ಕುಕ್ಕುಲೋಟದಲ್ಲಿ ಕ್ರಮಿಸಬಲ್ಲ ಈ ಪ್ರಾಣಿ ಅದನ್ನು ಎಲ್ಲಿಯೂ ದಾಖಲಿಸಿಕೊಂಡಿಲ್ಲವಾದ ಕಾರಣ ನಮ್ಮ ಬಳಗದಲ್ಲಿ ಅದಕ್ಕೆ ಸದಸ್ಯತ್ವ ಸಿಗುವಂತಿಲ್ಲ. ವನ್ಯಜೀವಿಧಾಮದೊಳಗೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಅದನ್ನು ಪಡೆಯುವ ತಾಳ್ಮೆ ನಮಗಿರಲಿಲ್ಲವಾಗಿ ಗಡಿಯಾಚೆಯ ಕಾಲುದಾರಿಯಲ್ಲೇ ಓಡುವುದೆಂದು ನಿರ್ಧರಿಸಿದೆವು. ಮೊಬೈಲಿನಲ್ಲಿ ಮಾತ್ರ 'ದಟ್ಟಾರಣ್ಯದ ನಡುವೆ' ಎಂದು ಬರೆದುಕೊಂಡೆವು. ಅಲ್ಲಿರುವುದು ಮೊಣಕಾಲೆತ್ತರದಿಂದ ಆಳೆತ್ತರದವರೆಗಿನ ಕುರುಚಲು. ದಟ್ಟವಾಗಿದ್ದುದು ನಮ್ಮ ಗುಂಪೊಂದೇ.

ನಮ್ಮ ಸಲಕರಣೆಗಳನ್ನು ಕಂಡಿದ್ದರೆ ಹಿಮಾಲಯವೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಅಡಿಯಲ್ಲಿ ಹಲ್ಲುಗಳಿರುವ ಬೂಟು, ಬೆನ್ನಿಗೆ ಕೊಳವೆಯುಳ್ಳ ನೀರಿನ ಚೀಲ, ಉಪ್ಪಿನ ಮಾತ್ರೆ, ಅಪಾಯ ಬಂದಾಗ ಊದಲೆಂದು ಸೀಟಿ. ಮೌನದ ಮಹತ್ವ ಕುರಿತು ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟ ಗೆಳೆಯನೇ ಚೀಲಕ್ಕೆ ಧ್ವನಿವರ್ಧಕವನ್ನು ನೇತುಹಾಕಿಕೊಂಡಿದ್ದ. 'ಕಾಡು ಉಳಿಸಿ' ಎಂದು ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಅಚ್ಚು ಹಾಕಿಸಿದ ಬ್ಯಾನರು ಒಂದು ಬೇವಿನ ಮರಕ್ಕೂ ಇನ್ನೊಂದು ಬೇವಿನ ಮರಕ್ಕೂ ಮೊಳೆಯಿಂದ ಬಡಿಯಲ್ಪಟ್ಟಿತು.

ಕಾಡುದಾರಿಯ ಓಟದಲ್ಲಿ ನೋಟವನ್ನು ಎರಡು ಮೂರು ಮೀಟರ್ ಮುಂದಿನ ನೆಲದಲ್ಲಿ ನೆಡಬೇಕು, ಹೆಜ್ಜೆಯನ್ನು ಗಿಡ್ಡಗೊಳಿಸಬೇಕು, ಬೇರುಗಳನ್ನು ದಾಟುವಾಗ ಪಾದವನ್ನು ಎತ್ತಿಡಬೇಕು. ಇಲ್ಲವಾದರೆ ಕಣಕಾಲು ಹೊರಳುತ್ತದೆ. ವಿದ್ಯೆ ಸರಿಯಾದದ್ದೇ. ಆದರೆ ನೆಲದಿಂದ ಎತ್ತಿದ ಕಣ್ಣು ನೇರವಾಗಿ ಮಣಿಕಟ್ಟಿನ ಗಡಿಯಾರಕ್ಕೆ ಹೋಗಿ ಮತ್ತೆ ನೆಲಕ್ಕೇ ಇಳಿಯುತ್ತಿದ್ದುದರಿಂದ, ನಾವು ಹನ್ನೆರಡು ಮಂದಿ ಸೇರಿ ಆ ಬೆಳಗ್ಗೆ ನೋಡಿದ ಕಾಡು ಎರಡು ಮೀಟರ್ ಉದ್ದದ್ದು.

ಓಟ ಮುಗಿಸಿ ಪುಳಿಯೋಗರೆ ಅಂಗಡಿಯ ಮುಂದೆ ಬಂದಾಗ ಒಬ್ಬನ ಗಡಿಯಾರ 9.87 ಕಿಲೋಮೀಟರ್ ಎಂದು ತೋರಿಸಿತು. ಆತ ಕಳ್ಳ ಲೆಕ್ಕವನ್ನು ಸಹಿಸುವವನಲ್ಲ. ಬೆವರು ಸುರಿಸುತ್ತಾ ತನ್ನ ಕಾರಿಗೆ ಒಂಬತ್ತು ಸುತ್ತು ಓಡಿದ. ಹಾದುಹೋಗುತ್ತಿದ್ದ ಭಕ್ತರೊಬ್ಬರು ಹೊಸ ಗಾಡಿಯ ಪೂಜೆಯೆಂದು ಭಾವಿಸಿ ನಿಂತು ಕೈಮುಗಿದರು.

ಅಷ್ಟರಲ್ಲಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಿದಿರ ಕೋಲು, ಸವೆದ ಹವಾಯಿ ಚಪ್ಪಲಿಯ ಮುದುಕರೊಬ್ಬರು ನಾವು ಬಂದ ದಾರಿಯಿಂದಲೇ, ಏದುಸಿರಿಲ್ಲದೆ ಬಂದರು. "ಸ್ವಾಮಿ, ಒಂದ್ ಕರಿ ಮೇಕೆ ಕಂಡ್ರಾ? ಕಿವಿ ಅರ್ಧ ಅರಿದದೆ." ನಮ್ಮ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಹೃದಯ ಬಡಿತ ಮೂರನೆಯ ಏರಿನಲ್ಲಿ ಎಷ್ಟಿತ್ತೆಂಬುದು ಒಂದಂಕಿಯೂ ತಪ್ಪದಂತೆ ಗೊತ್ತಿತ್ತು. ಮೇಕೆಯನ್ನು ಯಾರೂ ಕಂಡಿರಲಿಲ್ಲ.

"ಫೋಟೋದಲ್ಲಿ ಇರಬಹುದು, ಅಜ್ಜ" ಎಂದು ಸಂಕೋಚಪಡುತ್ತಾ ಮೊಬೈಲು ಚಾಚಿದೆ. ಹನ್ನೆರಡು ಜನ ಹಲ್ಲು ಕಿರಿದು ನಿಂತಿದ್ದ ಚಿತ್ರವನ್ನು ಬೆರಳಿಂದ ಹಿಗ್ಗಿಸಿದಾಗ, ನಮ್ಮ ಬೆನ್ನ ಹಿಂದೆ, ಅರ್ಧ ಕಿವಿಯ ಕರಿ ಮೇಕೆಯೊಂದು 'ಕಾಡು ಉಳಿಸಿ' ಬ್ಯಾನರಿನ ಕೊನೆಯ ಅಕ್ಷರವನ್ನು ನೆಮ್ಮದಿಯಾಗಿ ಅಗಿಯುತ್ತಿತ್ತು.

"ಊಂ, ಇದೇ ನಮ್ದು. ಇದ್ ಯಾವ್ ತಾವ್ ಸ್ವಾಮಿ?" ಎಂದರು ಮುದುಕರು.

ಕಾರು ಸುತ್ತಿದ ಗೆಳೆಯ ಗಡಿಯಾರವನ್ನು ಒತ್ತಿ ನೋಡಿ ಉತ್ತರಿಸಿದ: "ನಾಲ್ಕನೇ ಕಿಲೋಮೀಟರ್ ದಾಟಿ ಮುನ್ನೂರ ಇಪ್ಪತ್ತು ಮೀಟರ್."